ಬಾಣಂತಿಯ ಉಂಡಿ ತಿಂದದ್ದು

ಹೊಟ್ಟೆ ಸಣ್ಣ ಮಾಡುವ ಆಪರೇಷನ್ ಆಗಿ ಎರಡು ವರ್ಷವಾಯಿತು. ಮೊದಲು ಮೈಭಾರಕ್ಕೆ ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಹಿರಿ ಮೊಮ್ಮಗನಿಗೆ ಹೆರಿಗೆ ಮಾಡಿಸುವ ಊರ ದಾಯಿ ನೀರು ಎರೆದಳು, ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಈಗ ಮಗಳು ಮತ್ತೆ ಬಾಣಂತನಕ್ಕೆ ನಮ್ಮೂರು ಅಂಕಲಿಗೆ ಬಂದಿದ್ದಾಳೆ. ಈ ಸಲ ಕೂಸಿಗೆ ಎರೆಯುವವಳು ನಾನೇ! ಬಚ್ಚಲಿನಲ್ಲಿ ಮಣೆ ಹಾಕಿ, ಕಾಲು ಚಾಚಿ, ಅದರ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡಾಗ ನನ್ನ ಮುಖ ಯಾರಾದರೂ ನೋಡಬೇಕು.

ಆದರೆ ಹಸಿವು ಬಿಡಬೇಕಲ್ಲ? ಮೊನ್ನೆ ಬಾಣಂತಿಗೆಂದು ಅಂಟು, ಕೊಬ್ಬರಿ, ಬೆಲ್ಲ ಹಾಕಿ ಅಂಟಿನ ಉಂಡಿ ಕಟ್ಟಿದೆ. ತುಪ್ಪದ ವಾಸನೆ ಸುಮ್ಮನೆ ಕೂಡಗೊಡಲಿಲ್ಲ. ಡಬ್ಬಿ ಮುಚ್ಚಿ ತೊಟ್ಟಿಲ ಹತ್ತಿರ ಹೋದೆ, ಮತ್ತೆ ಬಂದು ತೆರೆದೆ. ಗಬಗಬ ಎರಡು ತಿಂದೇಬಿಟ್ಟೆ. ಸಣ್ಣ ಮಾಡಿದ ಹೊಟ್ಟೆಗೆ ಒಮ್ಮೆಲೇ ಅಷ್ಟು ಸಿಹಿ ತಡೆಯುತ್ತದೆಯೇ? ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಎದೆ ಡವಡವ. ಗೋಡೆ ಹಿಡಿದು ಕೂತೆ. ಕೂಸಿಗೆ ಕಾಸಿದ ನೀರು ತಣ್ಣಗಾಯಿತು.

"ಯವ್ವಾ, ಬಾಣಂತಿ ನಾನೋ ನೀನೋ?" ಎಂದು ನಕ್ಕ ಮಗಳು ಆಮೇಲೆ ಸಿಟ್ಟಾದಳು. "ಮತ್ತ ದಪ್ಪ ಆದ್ರ ಎರಿಯಾಕ ದಾಯೀನ್ನ ಕರಸ್ತೀನಿ ನೋಡು."

"ಬ್ಯಾಡ ಬೇ! ಡಬ್ಬಿ ನಿನ್ನ ಖೋಲ್ಯಾಗ ಇಟ್ಕೊ."

ಈಗಲೂ ಉಂಡಿ ನೆನಪಾದರೆ ಮನೆಯ ಒಳಗೂ ಹೊರಗೂ ತಿರುಗಾಡುತ್ತೇನೆ. ಊಟಕ್ಕೆ ಕೂತರೆ ಡಾಕ್ಟರು ಹೇಳಿದಂತೆ ಮೊದಲು ಬೇಯಿಸಿದ ತತ್ತಿ ಇಲ್ಲವೇ ಹೆಸರುಕಾಳು, ಅದೂ ಚೂರುಚೂರೇ ತಿನ್ನುತ್ತೇನೆ. ಇವತ್ತು ಎರೆಯುವಾಗ ಕೂಸು ಆಪರೇಷನ್ ಆದ ಹೊಟ್ಟೆಗೇ ಒದೆಯಿತು. "ಒದಿಯವ್ವಾ, ಇನ್ನೂ ಜೋರ ಒದಿ," ಅಂದೆ.