ಸೀಟಿ ಅಕ್ಕನ ಹೊಸ ಕಮಾನು

ಸೀಟಿ ಅಕ್ಕನಿಗೆ ಸಿಟ್ಟು ಬಂದರೆ ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದವನೂ ಎದ್ದು ಕೂತು ಟಿಕೆಟ್ ತೆಗೆಯುತ್ತಾನೆ ಎಂದು ಡಿಪೋದಲ್ಲಿ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಅವಳು ಹತ್ತಿರದಲ್ಲಿಲ್ಲ ಎಂದು ಒಮ್ಮೆ ನೋಡಿಕೊಂಡು ಹೇಳುತ್ತಿದ್ದರು.

ಅವಳು ಬಸ್ ಕಂಡಕ್ಟರ್. ಕೊರಳಲ್ಲಿ ಯಾವಾಗಲೂ ಒಂದು ಸೀಟಿ ತೂಗುತ್ತಿದ್ದರಿಂದ ಆ ಹೆಸರು ಬಂತು. ಸೀಟಿ ಹಿಡಿಯುವುದಕ್ಕೂ ಕಾರಣವಿತ್ತು. ಅವಳ ದನಿ ಹುಟ್ಟಿದಾಗಿನಿಂದ ಒಡಕು, ತಗಡು ಎಳೆದ ಹಾಗೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಬೆಳಗಿನ ಹಾಡಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಒಂದು ದಿನ ಟೀಚರಮ್ಮ ಅವಳ ಕಿವಿಯ ಹತ್ತಿರ ಬಗ್ಗಿ, “ನೀನು ಬಾಯಿ ಮಾತ್ರ ಆಡಿಸು ಪುಟ್ಟಿ, ಸದ್ದು ಬೇಡ,” ಎಂದರು. ತಲೆ ಸವರಿಯೇ ಹೇಳಿದರು. ಬೈದಿದ್ದರೆ ಮರೆತು ಹೋಗುತ್ತಿತ್ತೇನೋ. ತಲೆ ಸವರಿ ಹೇಳಿದ ಮಾತು ಒಳಗೇ ಮುರಿದುಕೊಂಡ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಶಾಲೆ ಬಿಡುವ ತನಕ ಅವಳು ಬಾಯಿ ಆಡಿಸಿದಳು. ಪಕ್ಕದಲ್ಲಿ ನಿಂತವರ ಹಾಡು ತನ್ನ ಬಾಯಿಂದ ಬರುತ್ತಿದೆ ಎಂದು ನೋಡುವವರು ತಿಳಿಯಲಿ ಎಂದು. ಆಮೇಲೆ ಬಸ್ಸು ಹತ್ತಿ ಆ ಸಿಟ್ಟನ್ನೆಲ್ಲ ಸೀಟಿಯೊಳಗೆ ಊದಿದಳು.

ಅವಳ ಬಸ್ಸು ದಿನವೂ ಒಂದು ಟೈರಿನ ಅಂಗಡಿಯ ಎದುರು ಕೆಂಪು ದೀಪಕ್ಕೆ ನಿಲ್ಲುತ್ತಿತ್ತು. ಅಂಗಡಿಯ ಮಹಡಿಯ ಕಿಟಕಿಯಲ್ಲಿ ಸಂಜೆ ಹೊತ್ತು ನಾಲ್ಕೈದು ಜನ ಗಲ್ಲದ ಕೆಳಗೆ ಪಿಟೀಲು ಒತ್ತಿಕೊಂಡು ಕೂತಿರುತ್ತಿದ್ದರು. ಅಕ್ಕ ಅವರ ಮೊಣಕೈಗಳನ್ನು ನೋಡುತ್ತಿದ್ದಳು. ಎಲ್ಲರ ಮೊಣಕೈಗಳೂ ಒಟ್ಟಿಗೆ ಹೋಗುತ್ತಿದ್ದವು, ಒಟ್ಟಿಗೆ ಬರುತ್ತಿದ್ದವು. ಸೊಂಟ ನೋವೆಂದು ಡಾಕ್ಟರು ಚೀಟಿ ಬರೆದುಕೊಟ್ಟು, ಡಿಪೋದವರು ಅವಳನ್ನು ಬಸ್ಸಿನಿಂದ ಇಳಿಸಿ ವಿಚಾರಣೆಯ ಕಿಟಕಿಯ ಹಿಂದೆ ಕೂರಿಸಿದಾಗ, ಮೊದಲ ಬಾರಿಗೆ ಅವಳ ಸಂಜೆ ಅವಳದಾಯಿತು. ಆ ವಾರವೇ ಮಹಡಿ ಹತ್ತಿದಳು.

“ಯಾರಿಗೆ ಸೇರಿಸ್ಬೇಕಮ್ಮಾ? ಮೊಮ್ಮಗನಿಗಾ?” ಎಂದರು ಪಿಟೀಲು ಮೇಷ್ಟ್ರು.

“ಮೊಮ್ಮಗ ಇನ್ನೂ ಹುಟ್ಟಿಲ್ಲ. ನಂಗೇ.”

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವವನು, ಮಾತು ಕಡಿಮೆ. ಸುದ್ದಿ ಕೇಳಿ, “ಇಷ್ಟು ದಿನ ಬಾಯಲ್ಲಿ ಕುಯ್ಯುತ್ತಿದ್ದೆ, ಇನ್ಮೇಲೆ ಕೈಯಲ್ಲೂ ಕುಯ್ತೀಯಾ ಅನ್ನು,” ಎಂದು ತಟ್ಟೆಗೆ ಮುಖ ತಗ್ಗಿಸಿದ. ಅವನಿಗೆ ಆ ರಾತ್ರಿ ಪಲ್ಯ ಎರಡನೇ ಸಲ ಸಿಗಲಿಲ್ಲ.

ಕಲಿಯುವವರು ನಾಲ್ಕು ಜನ. ಬ್ಯಾಂಕಿನ ಹುಡುಗಿಗೆ ಅವಳದೇ ಸ್ವಂತ ಪಿಟೀಲಿತ್ತು, ಕೈಯೂ ಚುರುಕು. ಹಲ್ಲಿನ ಡಾಕ್ಟರಮ್ಮ ಪಾಠದ ಮಧ್ಯೆಯೂ ಎಲ್ಲರ ಬಾಯಿಯನ್ನೇ ನೋಡುತ್ತಿದ್ದರು. ಬೇಕರಿಯವನು ಉಗುರಿನಲ್ಲಿ ಹಿಟ್ಟು ಹಾಗೇ ಇಟ್ಟುಕೊಂಡು ಬಂದು, ಮೇಷ್ಟ್ರಿಗೆ ಹೆದರಿ ಕೊನೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಅವನ ಪಕ್ಕದ ಕುರ್ಚಿ ಅಕ್ಕನದು. ಕ್ಲಾಸಿನ ಪಿಟೀಲುಗಳು ಗೋಡೆಯ ಮೊಳೆಗಳಿಗೆ ನೇತುಬಿದ್ದಿರುತ್ತಿದ್ದವು, ಮನೆಗೆ ಒಯ್ಯುವಂತಿರಲಿಲ್ಲ. ಮನೆಯಲ್ಲಿ ಅಕ್ಕ ಲಟ್ಟಣಿಗೆಯನ್ನು ಎಡಭುಜದ ಮೇಲಿಟ್ಟು ಬೆರಳು ಓಡಿಸುತ್ತಿದ್ದಳು. ಪಿಟೀಲಿನ ತಂತಿಯ ಮೇಲೆ ಎಳೆಯುವ ಕಮಾನಿನ ಕೂದಲಿಗೆ ಹಚ್ಚುವ ರಾಳದ ಗಟ್ಟಿ ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು. ಜೇನಿನ ಬಣ್ಣದ ಪುಟ್ಟ ಗಟ್ಟಿ. ಅದನ್ನು ಅವರೇ ತಿಕ್ಕಿ ಕೊಡುತ್ತಿದ್ದರು. “ಇದೆಂಥದು ಸಾರ್?” ಎಂದು ಬೇಕರಿಯವನು ಕೇಳಿದ್ದಕ್ಕೆ, “ಅದರ ಉಸಾಬರಿ ನಿಮಗ್ಯಾಕೆ? ಬೆರಳು ನೋಡ್ಕೊಳ್ಳಿ,” ಎಂದಿದ್ದರು.

ಅಕ್ಕನ ಪಿಟೀಲು ಕಿರುಚುತ್ತಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಭಯಂಕರ ಕಿರುಚುತ್ತಿತ್ತು. ಮೇಷ್ಟ್ರು ಮೊದಮೊದಲು ತಿದ್ದಿದರು, ಆಮೇಲೆ ಕಣ್ಣು ಮುಚ್ಚಿಕೊಳ್ಳತೊಡಗಿದರು, ಕೊನೆಗೆ ಅವಳ ಸರದಿ ಬಂದಾಗ ಎದ್ದು ಹೋಗಿ ಫ್ಯಾನಿನ ಗುಂಡಿ ತಿರುವುತ್ತಿದ್ದರು. ಅವಳಿಗೆ ಅದೆಲ್ಲ ಕಾಣುತ್ತಿತ್ತು. ಕಂಡರೂ ಹಲ್ಲು ಕಚ್ಚಿ ತಿಕ್ಕಿದಳು. ಏಕೆಂದರೆ ಆ ಕಿರುಚಾಟ ಅವಳದೇ. ಅಷ್ಟು ವರ್ಷದಲ್ಲಿ ನಾಲ್ಕು ಜನರ ನಡುವೆ ಕೂತು ಅವಳು ಮಾಡಿದ ಮೊದಲ ಸದ್ದು ಅದು.

ವರ್ಷದ ಕೊನೆಗೆ ಕಲಿತವರೆಲ್ಲ ಜನರ ಮುಂದೆ ನುಡಿಸುವ ಕಾರ್ಯಕ್ರಮವಿತ್ತು. ಅದಕ್ಕೆ ಇನ್ನೂ ಕೆಲವು ವಾರ ಇರುವಾಗ ಮೇಷ್ಟ್ರು ಒಬ್ಬೊಬ್ಬರ ಸರದಿ ನಿಲ್ಲಿಸಿ, ಇನ್ನು ಎಲ್ಲರೂ ಒಟ್ಟಿಗೇ ನುಡಿಸಬೇಕು ಎಂದು ಹೇಳಿ, ಒಂದು ಉದ್ದನೆಯ ಪೊಟ್ಟಣ ಬಿಚ್ಚಿದರು. ಒಳಗೆ ಹೊಸ ಕಮಾನು, ಹಾಲಿನಂಥ ಬಿಳಿ ಕೂದಲು.

“ನಿಮಗೇ ಅಮ್ಮಾ. ಹಳೇದು ನಿಮ್ಮ ಕೈಗೆ ಒರಟಾಯ್ತು. ಇದರಲ್ಲಿ ನುಡಿಸಿ, ಮೆತ್ತಗೆ ಬರುತ್ತೆ.”

ಮೆತ್ತಗೆ ಬಂತು. ಎಷ್ಟು ಮೆತ್ತಗೆ ಎಂದರೆ ಉಳಿದವರ ನಡುವೆ ಅವಳಿಗೇ ತನ್ನದು ಯಾವುದೆಂದು ತಿಳಿಯುತ್ತಿರಲಿಲ್ಲ. “ನೋಡಿ, ಈಗ ಹದ ಬಂತು, ಎಲ್ಲರ ಜತೆ ಕರಗಿ ಹೋಗ್ತಿದೆ,” ಎಂದರು ಮೇಷ್ಟ್ರು. ಫ್ಯಾನಿನ ಕಡೆ ಎದ್ದು ಹೋಗುವುದು ನಿಂತಿತು. ಅಕ್ಕ ಅಂದು ಮನೆಗೆ ನಡೆದುಕೊಂಡು ಹೋಗಲಿಲ್ಲ, ತೇಲಿಕೊಂಡು ಹೋದಳು. ಗಂಡನಿಗೆ ಹೇಳಿದಳು, ಡಿಪೋದಲ್ಲಿ ಹೇಳಿದಳು. ತನ್ನ ಬಸ್ಸಿನ ಹಳೆಯ ಡ್ರೈವರನ ಅಂಗಿಯ ಗುಂಡಿ ಹಿಡಿದು, “ಬರ್ಬೇಕು ನೀನು. ಹೆಂಡ್ತೀನೂ ಕರ್ಕೊಂಡ್ ಬಾ. ನನ್ನ ಸೀಟಿ ಎಷ್ಟು ವರ್ಷ ಕೇಳಿದ್ದೀಯ, ಒಂದಿನ ನನ್ನ ಪಿಟೀಲು ಕೇಳು,” ಎಂದಳು.

“ಬರ್ತೀನಕ್ಕಾ. ಕಿವಿಗೆ ಹತ್ತಿ ಇಟ್ಕೊಂಡಾದ್ರೂ ಬರ್ತೀನಿ.”

“ಹತ್ತಿ ಇಟ್ಕೊಂಡ್ರೆ ಕೇಳ್ಸಲ್ಲ ಕಣೋ. ಅಷ್ಟು ಮೆತ್ತಗಿದೆ ಈಗ.”

ಕಾರ್ಯಕ್ರಮದ ಸಂಜೆ. ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಂದರ ಮೇಲೊಂದು ಒಟ್ಟಿದ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ನೀರಿನ ಡ್ರಮ್ಮು. ಬ್ಯಾಂಕಿನ ಹುಡುಗಿ ಇನ್ನೂ ಬಂದಿರಲಿಲ್ಲ, ಡಾಕ್ಟರಮ್ಮ ಮನೆಯವರನ್ನು ಕೂರಿಸಲು ಹೋಗಿದ್ದರು. ಬೇಕರಿಯವನು ಉಗುರಿನ ಹಿಟ್ಟು ಕೆರೆಯುತ್ತಾ ಕೂತಿದ್ದ.

“ಬಾರಪ್ಪಾ, ನಾವಿಬ್ರೇ ಒಂದ್ಸಲ ನುಡಿಸಿ ನೋಡೋಣ,” ಎಂದಳು ಅಕ್ಕ.

ಇಬ್ಬರೂ ಕಮಾನು ಎಳೆದರು. ಹೊರಗೆ ಬಸ್ಸೊಂದು ಬ್ರೇಕು ಹಾಕಿದ್ದು ಕೇಳಿಸಿತು. ಡ್ರಮ್ಮಿನ ನಲ್ಲಿ ತೊಟ್ಟಿಕ್ಕಿದ್ದು ಕೇಳಿಸಿತು. ಪಿಟೀಲು ಕೇಳಿಸಲಿಲ್ಲ. ಅಕ್ಕ ಇನ್ನೂ ಒತ್ತಿ ಎಳೆದಳು. ಕೂದಲು ತಂತಿಯ ಮೇಲೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಪಕ್ಕಕ್ಕೆ ನೋಡಿದರೆ ಬೇಕರಿಯವನ ಕೈಯಲ್ಲೂ ಅಂಥದೇ ಬಿಳಿ ಕಮಾನು.

“ನಿಂಗೂ ಹೊಸದು ಕೊಟ್ರಾ?”

“ಹೂಂ ಅಕ್ಕಾ. ನಿಮಗೆ ಕೊಟ್ಟ ಮಾರನೇ ವಾರ.” ಅವನ ಮುಖ ಸಪ್ಪಗಾಯಿತು. “ನಿಮ್ಮದೂ ಕೇಳಿಸ್ತಿಲ್ವಾ? ನಾನು ನನ್ನ ಕಿವೀನೇ ಹೋಯ್ತು ಅನ್ಕೊಂಡೆ. ಕಿವಿ ಡಾಕ್ಟ್ರಿಗೆ ತೋರಿಸ್ಕೊಂಡೂ ಬಂದೆ. ಅವ್ರು ಏನೂ ಆಗಿಲ್ಲ ಅಂದ್ರು, ನಂಗೆ ನಂಬಿಕೆ ಬರ್ಲಿಲ್ಲ.”

ಅಷ್ಟರಲ್ಲಿ ಬ್ಯಾಂಕಿನ ಹುಡುಗಿ ಓಡೋಡಿ ಬಂದಳು. ಅಕ್ಕ ತನ್ನ ಕಮಾನನ್ನು ಅವಳ ಕೈಗೆ ಕೊಟ್ಟು, “ಏನಾಗಿದೆ ನೋಡು ಇದಕ್ಕೆ,” ಎಂದಳು. ಹುಡುಗಿ ಕೂದಲನ್ನು ಬೆಳಕಿಗೆ ಹಿಡಿದಳು.

“ಅಕ್ಕಾ, ಇದಕ್ಕೆ ರಾಳಾನೇ ಹಚ್ಚಿಲ್ಲ. ಹೊಸ ಕಮಾನು ರಾಳ ಇಲ್ದೆ ಬಾಯಿ ಬಿಡೋದೇ ಇಲ್ಲ. ಸಾರ್ ಹಚ್ಚಿ ಕೊಡ್ಲಿಲ್ವಾ...” ಎನ್ನುತ್ತಾ ಬೇಕರಿಯವನ ಕಮಾನನ್ನೂ ನೋಡಿದಳು, ಮಾತು ಅಲ್ಲೇ ನಿಲ್ಲಿಸಿದಳು. ಬಾಗಿಲಲ್ಲಿ ಮೇಷ್ಟ್ರು ಇಸ್ತ್ರಿಯ ಅಂಗಿ ತೊಟ್ಟು ನಿಂತಿದ್ದರು.

ಅಕ್ಕನಿಗೆ ಮೊದಲು ಕಂಡದ್ದು ಬೇರೆಯೇ. ಶಾಲೆಯ ಅಂಗಳ, ಸಾಲು, ಕಿವಿಯ ಹತ್ತಿರ ಬಗ್ಗಿದ ಮುಖ. ಆಮೇಲೆ ಸಿಟ್ಟು ಕಾಲಿನಿಂದ ಹತ್ತಿಕೊಂಡು ಬಂತು.

“ಮರೆತ್ರೋ, ಬೇಕು ಅಂತ ಮಾಡಿದ್ರೋ?”

“ಅಮ್ಮಾ, ಈಗ ಅದೆಲ್ಲ...”

“ಒಂದು ಮಾತಲ್ಲಿ ಹೇಳಿ. ಮರೆತ್ರೋ, ಬೇಕು ಅಂತ್ಲೋ?”

ಮೇಷ್ಟ್ರು ಬಾಗಿಲು ಮುಂದೆ ಮಾಡಿದರು. “ನಿಮ್ಮ ಮರ್ಯಾದೆ ಉಳಿಸೋಕೆ ಮಾಡಿದ್ದು ಅಮ್ಮಾ. ಜನ ನಗ್ಬಾರ್ದು ಅಂತ.”

“ನನ್ನ ಮರ್ಯಾದೆ ಕಾಪಾಡಿ ಅಂತ ನಿಮ್ಮ ಕೈಗೆ ಕೊಟ್ಟಿದ್ನಾ? ಪಿಟೀಲು ಕಲಿಸಿ ಅಂತ ಬಂದೋಳು ನಾನು.”

“ಹೊಸಬ್ರು ಸೇರೋಕೆ ಬಂದು ಕೂತಿದ್ದಾರೆ ಹೊರಗೆ. ಒಂದು ಹಾಡು ಕೆಟ್ರೆ ಯಾರು ಸೇರ್ತಾರೆ ಹೇಳಿ. ಸುಮ್ನೆ ಕೈ ಆಡಿಸಿ ಬನ್ನಿ, ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗುತ್ತಲ್ಲ!” ಕೋಣೆಯ ಕುರ್ಚಿಗಳು ಅದುರುವ ಹಾಗೆ ಕೂಗಿದಳು ಅಕ್ಕ. “ಹದ ಬಂತು ಅಂದ್ರಲ್ಲ, ಕರಗಿ ಹೋಗ್ತಿದೆ ಅಂದ್ರಲ್ಲ! ಕೆಟ್ಟದಾಗಿದೆ ಅಂದಿದ್ರೆ ತಿದ್ಕೋತಿದ್ದೆ. ಇಷ್ಟು ವಾರ ನಂಗೆ ನಾಟಕ ಹೇಳ್ಕೊಟ್ರಿ. ಈ ಬಡಪಾಯಿ ಕಿವಿ ಡಾಕ್ಟ್ರ ಹತ್ರ ಹೋಗಿ ಬಂದಿದಾನೆ, ಗೊತ್ತಾ ನಿಮಗೆ?”

“ಬಿಡಿ ಅಕ್ಕಾ, ಪರ್ವಾಗಿಲ್ಲ,” ಎಂದ ಬೇಕರಿಯವನು.

“ನೀನು ಸುಮ್ನಿರು! ಪರ್ವಾಗಿಲ್ಲ ಪರ್ವಾಗಿಲ್ಲ ಅಂದೇ ಹಿಂಗಾಗಿರೋದು.”

ಹೊರಗೆ ಮೈಕಿನಲ್ಲಿ ಅವರ ಗುಂಪನ್ನು ಕರೆದರು. ಡಾಕ್ಟರಮ್ಮ ಬಂದು ಎಲ್ಲರ ಮುಖ ನೋಡಿ ತಮ್ಮ ಪಿಟೀಲು ಎತ್ತಿಕೊಂಡರು. ಮೇಷ್ಟ್ರು ತಗ್ಗಿದ ದನಿಯಲ್ಲಿ, “ದಮ್ಮಯ್ಯ ಅಮ್ಮಾ, ಈಗ ನಡೀರಿ, ಆಮೇಲೆ ಮಾತಾಡೋಣ,” ಎಂದರು. ಆಮೇಲೆ ಎನ್ನುವ ಮಾತು ಅಕ್ಕನಿಗೆ ಮೊದಲಿಂದಲೂ ಆಗದು. ಆಮೇಲೆ ಕೊಡ್ತೀನಿ ಎಂದು ಬಸ್ಸು ಹತ್ತಿದವರಲ್ಲಿ ಟಿಕೆಟ್ ತೆಗೆದುಕೊಂಡವನನ್ನು ಅವಳು ಕಂಡಿಲ್ಲ.

ನಾಲ್ವರೂ ವೇದಿಕೆಯಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಗಂಡ, ಒರೆಸಿದ ಕನ್ನಡಕ ಮತ್ತೆ ಒರೆಸುತ್ತಿದ್ದ. ಅವನ ಹಿಂದೆ ಡ್ರೈವರು ಮತ್ತು ಹೆಂಡತಿ. ಬದಿಯಲ್ಲಿ ನಿಂತ ಮೇಷ್ಟ್ರು ಶುರು ಮಾಡಿ ಎಂದು ಕೈ ಎತ್ತಿದರು. ಅಕ್ಕ ಕಮಾನನ್ನು ತಂತಿಯ ಮೇಲಿಡಲಿಲ್ಲ. ಬ್ಯಾಂಕಿನ ಹುಡುಗಿಯ ಕಡೆ ಅಂಗೈ ಚಾಚಿದಳು, ಬಸ್ಸಿನಲ್ಲಿ ಚಾಚುತ್ತಿದ್ದ ಹಾಗೆಯೇ.

“ಕೊಡು.”

ಹುಡುಗಿ ಮೇಷ್ಟ್ರನ್ನು ನೋಡಿದಳು, ಅಕ್ಕನನ್ನು ನೋಡಿದಳು. ಕುರ್ಚಿಯ ಪಕ್ಕದಲ್ಲಿದ್ದ ತನ್ನ ಪಿಟೀಲಿನ ಪೆಟ್ಟಿಗೆಯಿಂದ ರಾಳದ ಗಟ್ಟಿ ತೆಗೆದು ಆ ಅಂಗೈಯಲ್ಲಿಟ್ಟಳು.

ಅಕ್ಕ ಅಲ್ಲೇ, ಅಷ್ಟು ಜನರ ಎದುರಿಗೆ, ತಿಕ್ಕತೊಡಗಿದಳು. ಹೊಸ ಕೂದಲು ಬೇಗ ಹಿಡಿದುಕೊಳ್ಳುವುದಿಲ್ಲ. ತಿಕ್ಕಿದಳು, ತಂತಿಗೆ ಮುಟ್ಟಿಸಿ ನೋಡಿದಳು, ಮತ್ತೆ ತಿಕ್ಕಿದಳು. ಬಿಳಿ ಪುಡಿ ಮಡಿಲ ತುಂಬ ಉದುರಿತು. ಸಭೆಯಲ್ಲಿ ಗುಸುಗುಸು ಎದ್ದಿತು, ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ಸುಣ್ಣದ ಗೋಡೆಯಾಗಿತ್ತು. ಕೊನೆಗೊಮ್ಮೆ ಅವಳ ತಂತಿ ಗೊರ್ರೆಂದಿತು. ಆಗ ಗಟ್ಟಿಯನ್ನು ಬೇಕರಿಯವನ ತೊಡೆಯ ಮೇಲೆ ಇಟ್ಟಳು.

ಗಂಡನ ಹಿಂದಿನಿಂದ ಡ್ರೈವರು ಕೂಗಿದ, “ಅಕ್ಕಾ, ರೈಟ್ ಹೇಳೋದು ಯಾವಾಗ?”

ಸಭೆ ನಕ್ಕಿತು. ಅಕ್ಕ ನಗಲಿಲ್ಲ.

“ತಡಿ. ಇನ್ನೊಬ್ರು ಹತ್ತೋದಿದೆ.”

ಬೇಕರಿಯವನು ತಲೆ ತಗ್ಗಿಸಿ ತಿಕ್ಕಿದ. ಕಿವಿಯೆರಡೂ ಕೆಂಪಾಗಿದ್ದವು. ಅವನ ತಂತಿಯೂ ಉಸಿರು ಬಿಟ್ಟ ಮೇಲೆ ಅಕ್ಕ ಪಿಟೀಲನ್ನು ಗಲ್ಲಕ್ಕೆ ಒತ್ತಿ, “ರೈಟ್,” ಎಂದಳು.

ಆ ಹಾಡು ಹೇಗೆ ಬಂತು ಎಂದು ಬಣ್ಣಿಸುವುದು ಬೇಡ. ಒಬ್ಬರು ಮುಂದೆ, ಒಬ್ಬರು ಹಿಂದೆ. ಬ್ಯಾಂಕಿನ ಹುಡುಗಿ ಎಳೆದಳು, ಡಾಕ್ಟರಮ್ಮ ಹಿಡಿದರು, ಬೇಕರಿಯವನು ನಡುವೆ ದಾರಿ ತಪ್ಪಿ ಹಾಡಿನ ಕೊನೆಯ ಸಾಲಿನಲ್ಲಿ ಬಂದು ಕೂಡಿಕೊಂಡ. ಅಕ್ಕನ ಪಿಟೀಲು ಎಲ್ಲರಿಗಿಂತ ಜೋರು. ಅದು ಅವಳಿಗೆ ಚೆನ್ನಾಗಿಯೇ ಕೇಳಿಸಿತು, ಕೆಟ್ಟಿರುವುದೂ ಕೇಳಿಸಿತು. ಒಂದೇ ಜಾಗ ಬಂದಾಗಲೆಲ್ಲ ಸ್ವರ ಕುಸಿಯುತ್ತಿತ್ತು, ಸಡಿಲ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ. ಇಷ್ಟು ವಾರ ಆ ಮೆಟ್ಟಿಲು ಅಲ್ಲೇ ಇತ್ತು, ಯಾರೂ ಹೇಳಿರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಅವಳ ಸಿಟ್ಟು ಇಳಿಯಬೇಕಿತ್ತು, ಇನ್ನೂ ಏರಿತ್ತು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಎದ್ದು ಹೊರಟರು.

ಮನೆಗೆ ಹೋಗುವಾಗ ಗಂಡ ಅವಳ ಚೀಲ ತಾನೇ ಹಿಡಿದುಕೊಂಡು ನಡೆದ.

“ಕೇಳಿಸ್ತಾ?” ಎಂದಳು ಅವಳೇ.

“ಕೇಳಿಸದೆ? ಬೀದಿ ಕೊನೇವರೆಗೂ ಕೇಳಿಸಿರುತ್ತೆ.”

“ಹೆಂಗಿತ್ತು?”

“ಕೆಟ್ಟದಾಗಿತ್ತು,” ಎಂದ ಅವನು. ಅವಳು ಅವನ ಮುಖವನ್ನೇ ನೋಡಿದಳು. ಆ ರಾತ್ರಿ ಅವನಿಗೆ ಪಲ್ಯ ಎರಡನೇ ಸಲವೂ ಸಿಕ್ಕಿತು.

ಮುಂದಿನ ಪಾಠಕ್ಕೆ ಅಕ್ಕ ಬರುವುದಿಲ್ಲ ಎಂದುಕೊಂಡಿದ್ದರು ಮೇಷ್ಟ್ರು. ಅವರು ಬೀಗ ತೆಗೆಯುವಾಗಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಹೋಗಿ, ಬೇಕರಿಯವನ ಪಕ್ಕದ ತನ್ನ ಕುರ್ಚಿಯನ್ನು ಗರಗರ ಎಳೆದು ತಂದು ಅವರ ಮೇಜಿನ ಎದುರಿಗೇ ಹಾಕಿಕೊಂಡಳು. ಗೋಡೆಯಿಂದ ಪಿಟೀಲು ಇಳಿಸಿಕೊಂಡು, ಹೆಗಲ ಚೀಲದಿಂದ ಹೊಸ ರಾಳದ ಗಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಡ್ರಾಯರಿಗೆ ಹಾಕಲು ಬಿಡಲಿಲ್ಲ.

“ಎಲ್ಲಿ ತಪ್ಪಿತು ಹೇಳಿ.”

ಮೇಷ್ಟ್ರಿಗೂ ಸಿಟ್ಟಿತ್ತು. “ಎಲ್ಲಾ ಕಡೆ! ಸೇರೋಕೆ ಬಂದೋರು ಒಬ್ರೂ ನಿಲ್ಲದೆ ಎದ್ದು ಹೋದ್ರು. ಸಂತೋಷ ಆಯ್ತಾ?”

“ಇಲ್ಲ, ಆಗ್ಲಿಲ್ಲ. ಎಲ್ಲಾ ಕಡೆ ಅಂದ್ರೆ ನಂಗೆ ತಿಳಿಯಲ್ಲ. ಒಂದೊಂದೇ ಸ್ಟಾಪು ಹೇಳಿ.”

ಅವರು ಅವಳನ್ನು ನೋಡಿದರು. ಫ್ಯಾನಿನ ಗುಂಡಿಯನ್ನೂ ನೋಡಿದರು, ಆದರೆ ಏಳಲಿಲ್ಲ.

“ಉಂಗುರದ ಬೆರಳು. ಅದು ಯಾವಾಗ್ಲೂ ಹಿಂದೆ ಬೀಳುತ್ತೆ. ಮುಖದ ಕಡೆ ತರ್ಬೇಕು.”

ಅಕ್ಕ ಎಳೆದಳು. ತಪ್ಪಿತು.

“ಇನ್ನೂ.”

ತಪ್ಪಿತು.

“ಇನ್ನೂ ಅಂದ್ನಲ್ಲಮ್ಮಾ! ಇನ್ನೂ ಮುಂದೆ! ಕಿವಿ ಎಲ್ಲಿಟ್ಟಿದ್ದೀರ?” ಮೇಷ್ಟ್ರು ಮೇಜು ಗುದ್ದಿದರು.

“ಕೂಗ್ಬೇಡಿ, ಕೇಳಿಸ್ತಿದೆ!” ಎಂದು ಅವಳೂ ಕೂಗಿದಳು. ಕೂಗುತ್ತಲೇ ಬೆರಳನ್ನು ಇನ್ನೊಂದು ಕೂದಲೆಳೆಯಷ್ಟು ಮುಂದೆ ಸರಿಸಿದಳು.