ಓಣಿಯ ಡಬ್ಬಿ

ದೀಪಾವಳಿ ಮುಗಿದು ಗುಡ್ಡದ ಗಾಳಿ ತಣ್ಣಗಾಗುವಷ್ಟರಲ್ಲಿ ಗುಡೇಕೋಟೆಯ ನಮ್ಮ ಎದುರುಮನೆಯ ದೊಡ್ಡವ್ವ ಚಳಿಗಾಲಕ್ಕೆ ಸಜ್ಜಾಗಿಬಿಡುತ್ತಿದ್ದಳು. ಹಿತ್ತಲಲ್ಲಿ ಸಗಣಿ ಕುಳ್ಳು ಒಟ್ಟಿ, ಕಂಬಳಿಗಳನ್ನು ಬಿಸಿಲಿಗೆ ಹಾಕಿ, ಕಾನಹೊಸಹಳ್ಳಿಯಿಂದ ತಂದ ಒಣಶುಂಠಿ, ಮೆಣಸು, ಜೀರಿಗೆ ಹುರಿದು ಕಷಾಯಕ್ಕೆ ಕುಟ್ಟುತ್ತಿದ್ದಳು. ಪುಡಿಯನ್ನು ಎರಡು ಡಬ್ಬಿಗೆ ತುಂಬುವಾಗ ಪ್ರತಿವರ್ಷವೂ ಅದೇ ಮಾತು: "ಇದು ಮನಿಗೆ, ಇದು ಓಣಿಗೆ."

ಓಣಿಯ ಡಬ್ಬಿಯೇ ದೊಡ್ಡದು. ಯಾರ ಮನೆಯಲ್ಲಿ ಕೆಮ್ಮು ಕೇಳಿದರೂ ಅದರಿಂದ ಒಂದಿಷ್ಟು ಕಾಗದದಲ್ಲಿ ಕಟ್ಟಿಕೊಂಡು ಹಾಜರಾಗುತ್ತಿದ್ದಳು. ಆ ಕಷಾಯ ಬಾಯಿಗಿಡುವಂತಿರಲಿಲ್ಲ. ಬೇಡವೆನ್ನುವ ಧೈರ್ಯವೂ ನಮಗಿರಲಿಲ್ಲ.

ಒಂದು ವರ್ಷ ಫ್ಲೂ ಓಣಿಯನ್ನೆಲ್ಲ ಸುತ್ತಿತು. ಗಂಡನ ಕೆಮ್ಮಿಗೇ ಅವಳ ಮನೆಯ ಡಬ್ಬಿ ಬರಿದಾಯಿತು. ಆಮೇಲೆ ಜ್ವರ ಅವಳನ್ನೂ ಹಿಡಿಯಿತು. ಕಂಬಳಿ ಹೊದ್ದು, ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಮಾತ್ರಿ ನುಂಗೀನಿ, ಆದ್ರ ಗಂಟಲಿಗೆ ಕಷಾಯ ಬೇಕು. ನಿಮಗ ಕೊಟ್ಟಿದ್ದು ಉಳಿದಿದ್ರ ಒಂದು ಚಮಚ ಕೊಡು."

ನಮ್ಮದೂ ಮುಗಿದಿತ್ತು. "ಓಣಿ ಡಬ್ಬಿ ಐತಲ್ಲ, ದೊಡ್ಡವ್ವ?" ಎಂದೆ.

"ಅದು ಓಣಿದು. ಅದಕ್ಕ ನಾ ಯಾಕ ಕೈ ಹಾಕಲಿ?" ಎಂದು ರೇಗಿದಳು.

"ನೀನೇನು ಬ್ಯಾರೆ ಊರಾಕಿಯೇನು?"

ಬಟ್ಟಲು ಹಿಡಿದೇ ತಿರುಗಿದಳು. ಓಣಿ ದಾಟಿ ಹೋಗಿ, ತನ್ನದೇ ಹೊಸ್ತಿಲ ಹೊರಗೆ ನಿಂತು ಕೂಗಿದಳು: "ಒಂದು ಚಮಚ ಕಷಾಯದ ಪುಡಿ ಕೊಡ್ರಿ! ಈ ಓಣಿಯಾಕಿಗೆ ಜ್ವರ ಬಂದೈತಿ."

ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋಗಿ, ದೊಡ್ಡ ಡಬ್ಬಿ ತಂದಳು. ಓಣಿಯವರಿಗೆ ಯಾವಾಗಲೂ ಹಾಕುವಂತೆ, ಕೇಳಿದ್ದಕ್ಕಿಂತ ಒಂದು ಚಮಚ ಹೆಚ್ಚೇ ಹಾಕಿದಳು.