ಲೆಗ್ಗಿಂಗ್ಸ್ ಪರೀಕ್ಷೆ
ಗಂಡನನ್ನು ಒಪ್ಪಲು ನಬುಕೀರಾಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಓಡಲಿಕ್ಕೆ ಒಂದು ಲೆಗ್ಗಿಂಗ್ಸ್ ಒಪ್ಪಲು ತಿಂಗಳೂ ಸಾಲದು. ಕಂಪಾಲಾದ ಓವಿನೋ ಮಾರುಕಟ್ಟೆಯಲ್ಲಿ ಅವಳ ತಲೆ ಕಂಡರೆ ಸಾಕು, ಬಟ್ಟೆ ಮಾರುವ ನಾಮುಲಿ ಅಂದಿನ ವ್ಯಾಪಾರದ ಆಸೆ ಬಿಡುತ್ತಾಳೆ. ಬಂದವಳೇ ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಮೊಟ್ಟೆ ಪರೀಕ್ಷಿಸುವವಳಂತೆ ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಆಮೇಲೆ ಹಾಕಿಕೊಂಡು ಪರದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಏಳುತ್ತಾಳೆ, ಒಂಟಿಕಾಲಲ್ಲಿ ಕೊಕ್ಕರೆಯಾಗುತ್ತಾಳೆ, ನಿಂತಲ್ಲೇ ಓಡುತ್ತಾಳೆ. “ಬೆವರು ಹೀರುತ್ತಾ? ಬಗ್ಗಿದ್ರೆ ಒಳಗಿಂದು ಕಾಣುತ್ತಾ? ನಾಕು ಸಲ ಒಗೆದ್ರೆ ಮಂಡಿ ಹತ್ರ ಜೋತು ಬೀಳುತ್ತಾ?” ನಾಮುಲಿ ಹಣೆ ಚಚ್ಚಿಕೊಳ್ಳುತ್ತಾಳೆ: “ನನ್ನವ್ವಾ, ಇದು ಯೋಗಕ್ಕೋ, ಓಟಕ್ಕೋ, ಬೆಟ್ಟ ಹತ್ತೋಕೋ, ಅದನ್ನಾದ್ರೂ ಹೇಳು!” “ಮೊದ್ಲು ನಮ್ಮ ಬೀದಿ ಮೂಲೆ ಬೈಕ್ ಟ್ಯಾಕ್ಸಿ ಸ್ಟ್ಯಾಂಡ್ ದಾಟೋಕೆ ಕಣೇ. ಓಟ ಆಮೇಲೆ.” ಆ ಸ್ಟ್ಯಾಂಡಿನ ಸವಾರರು ಊರ ಹೆಂಗಸರ ಮಾನಕ್ಕೆ ಸಂಬಳವಿಲ್ಲದ ಕಾವಲುಗಾರರು. “ಏನ್ ನ್ಯಾಬೋ, ಏನ್ ಅಮ್ಮಾವ್ರೇ, ಲಂಗ ಮನೇಲೇ ಮರೆತು ಬಂದ್ರಾ?” ಎಂದು ಕಾಳಜಿಯಿಂದ ವಿಚಾರಿಸದೆ ಯಾರನ್ನೂ ಮುಂದೆ ಬಿಡುವವರಲ್ಲ. ಹಾಗಾಗಿ ಇಷ್ಟೆಲ್ಲ ಪರೀಕ್ಷೆ ಗೆದ್ದ ಲೆಗ್ಗಿಂಗ್ಸ್ ಮೇಲೆ ನಬುಕೀರಾ ಹಿಮ್ಮಡಿ ಮುಟ್ಟುವ ಕಿಟೆಂಗೆ ಬಟ್ಟೆಯನ್ನು ಸುತ್ತಿಕೊಂಡು, ಸಾವಿನ ಮನೆಗೆ ಹೊರಟವಳಂತೆ ತಲೆ ತಗ್ಗಿಸಿ ಅವರೆದುರು ಹಾದುಹೋಗುತ್ತಾಳೆ. ಶಾಲೆಯ ಹಿಂದಿನ ಮೈದಾನ ಸೇರಿದ ಮೇಲೆಯೇ ಗಂಟು ಬಿಚ್ಚುವುದು. ಅಲ್ಲಿನ ಬೇಲಿಯ ಮೇಲೆ ಆಗಲೇ ಸಾಲಾಗಿ ಕಿಟೆಂಗೆಗಳು ನೇತಾಡುತ್ತಿರುತ್ತವೆ: ದಾದಿಯಮ್ಮನದು, ಪಾದ್ರಿಯ ಹೆಂಡತಿಯದು, ಎಲ್ಲಕ್ಕಿಂತ ಮೊದಲು ಬಂದಿರುವ, ಆ ಸ್ಟ್ಯಾಂಡಿನ ಅಧ್ಯಕ್ಷನ ಹೆತ್ತ ತಾಯಿಯದು. ಊರಿನ ಮರ್ಯಾದೆಯನ್ನೆಲ್ಲ ಬೇಲಿಗೆ ಉಡಿಸಿ, ಅವರು ಓಡುತ್ತಾರೆ.